ದಿನ ತುಂಬಿಯೂ ತೂಕ ತುಂಬದ ಕೂಸು

ಕಮಲಾಪುರ ತಾಲ್ಲೂಕಿನ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ



ಕಲಬುರಗಿಯ ಯಾವುದೋ ಹೆರಿಗೆ ವಾರ್ಡಿನಲ್ಲಿ ಒಂದೇ ದಿನ ಎರಡು ಕೂಸುಗಳು ಜನಿಸಿದವು ಎಂದು ಭಾವಿಸಬಹುದು. ತಕ್ಕಡಿಯ ಮೇಲೆ ಎರಡರ ತೂಕವೂ 1,900 ಗ್ರಾಂ. ಒಂದು ಕೂಸು 33ನೆಯ ವಾರದಲ್ಲಿ ಹುಟ್ಟಿದ್ದು, ಮತ್ತೊಂದು 39ನೆಯ ವಾರದಲ್ಲಿ. ತಕ್ಕಡಿಯ ಲೆಕ್ಕದಲ್ಲಿ ಎರಡೂ ಸಮಾನ. ವಾಸ್ತವದಲ್ಲಿ ಮೊದಲನೆಯದು ತನ್ನ ವಾರಗಳಿಗೆ ತಕ್ಕಷ್ಟು ಬೆಳೆದಿದೆ, ಆದರೆ ಅವಧಿಗೆ ಮುನ್ನ ಬಂದಿದೆ. ಎರಡನೆಯದು ದಿನ ತುಂಬಿಯೇ ಬಂದಿದೆ, ಆದರೆ ತಾಯಿಯ ಗರ್ಭದಲ್ಲಿ ಅದಕ್ಕೆ ಸಲ್ಲಬೇಕಾದ ಆಹಾರ, ರಕ್ತ, ಆಮ್ಲಜನಕ ಪೂರ್ತಿಯಾಗಿ ಸಂದಿಲ್ಲ. ಈ ಎರಡನೆಯ ಕೂಸಿನ ಕುರಿತು ಗ್ರಾಮ ಪಂಚಾಯತಿಯ ಸಭೆಗಳಲ್ಲಿ ಮಾತು ನಡೆಯುವುದು ತೀರ ಅಪರೂಪ. ಇಂದಿನ ವಿಷಯ ಅದೇ.

ಹುಟ್ಟುವಾಗ 2,500 ಗ್ರಾಂಗಿಂತ ಕಡಿಮೆ ಇರುವ ಎಲ್ಲ ಶಿಶುಗಳನ್ನೂ ಕಡಿಮೆ ತೂಕದ ಶಿಶುಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಸದಸ್ಯರಿಗೆ ಈ ಗಡಿ ಪರಿಚಿತ. ಆದರೆ ಗರ್ಭದ ವಾರಗಳಿಗೆ ತಕ್ಕ ತೂಕವಿಲ್ಲದ ಶಿಶುವನ್ನು ಗುರುತಿಸುವ ಕ್ರಮ ಬೇರೆ. ಅಷ್ಟೇ ವಾರಗಳಿಗೆ ಹುಟ್ಟಿದ ನೂರು ಶಿಶುಗಳನ್ನು ತೂಕದ ಕ್ರಮದಲ್ಲಿ ಸಾಲಾಗಿ ಮಲಗಿಸಿದರೆ, ತೀರ ಹಗುರವಾದ ಹತ್ತರೊಳಗೆ ಬರುವ ಶಿಶು ಈ ವರ್ಗಕ್ಕೆ ಸೇರುತ್ತದೆ. ಹೋಲಿಕೆಗೆ ಬೇಕಾದ ಅಂತರರಾಷ್ಟ್ರೀಯ ಮಾಪನ ಪಟ್ಟಿಗಳನ್ನು ಹಲವು ದೇಶಗಳ ಆರೋಗ್ಯವಂತ ತಾಯಂದಿರ ಶಿಶುಗಳನ್ನು ತೂಗಿ ಸಿದ್ಧಪಡಿಸಲಾಗಿದೆ. ಅವುಗಳಲ್ಲಿ ಭಾರತದ ಕೇಂದ್ರ ನೆರೆಯ ಮಹಾರಾಷ್ಟ್ರದ ನಾಗಪುರವಾಗಿತ್ತು. ಆ ಪಟ್ಟಿಯ ಪ್ರಕಾರ 40 ವಾರಕ್ಕೆ 2,600 ಗ್ರಾಂ ತೂಗುವ ಕೂಸೂ ತನ್ನ ವಾರಕ್ಕೆ ಚಿಕ್ಕದೇ. 2,500ರ ಗಡಿಯನ್ನು ದಾಟಿದ ಕಾರಣಕ್ಕೆ ಅದು ಯಾವ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳದು.

ಹೀಗೆ ಚಿಕ್ಕದಾದ ಪ್ರತಿಯೊಂದು ಶಿಶುವೂ ಕಾಯಿಲೆಯ ಶಿಶುವಲ್ಲ ಎಂಬುದನ್ನೂ ಹೇಳಬೇಕು. ತಂದೆ ತಾಯಿ ಇಬ್ಬರೂ ಗಿಡ್ಡ ಮೈಕಟ್ಟಿನವರಾದರೆ ಕೂಸು ಚಿಕ್ಕದಿದ್ದೂ ಗಟ್ಟಿಮುಟ್ಟಾಗಿರಬಹುದು. ಯಾವುದು ಹಾಗೆ, ಯಾವುದು ಹೀಗೆ ಎಂಬುದನ್ನು ನಿರ್ಧರಿಸುವುದು ವೈದ್ಯರ ಕೆಲಸ. ನಿರ್ಧರಿಸಲು ಅವರಿಗೆ ಎರಡು ಅಂಕಿ ಬೇಕು: ಎಷ್ಟು ವಾರ, ಎಷ್ಟು ಗ್ರಾಂ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಕೂಸಿನ ಸ್ಥಿತಿ ತಿಳಿಯುವುದಿಲ್ಲ. ಎರಡೂ ಅಂಕಿಗಳು ಸರಿಯಾಗಿ ದೊರೆಯುವಂತೆ ನೋಡಿಕೊಳ್ಳುವ ಜವಾಬ್ದಾರಿಯ ಬಹುಪಾಲು ಊರಿನಲ್ಲಿಯೇ ಇದೆ.

2020ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಸುಮಾರು 2.3 ಕೋಟಿ ಶಿಶುಗಳು ವಾರಕ್ಕೆ ತಕ್ಕ ತೂಕವಿಲ್ಲದೆ ಹುಟ್ಟಿದವು ಎಂಬುದು 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜು. ಅವುಗಳ ಪ್ರಮಾಣ ಅತಿ ಹೆಚ್ಚು ಇರುವುದು ದಕ್ಷಿಣ ಏಷ್ಯಾದಲ್ಲಿ. ಅವಧಿಗೆ ಮುನ್ನ ಹುಟ್ಟುವ ಶಿಶುಗಳ ಸಮಸ್ಯೆ ಎಲ್ಲ ದೇಶಗಳಿಗೂ ಸಾಮಾನ್ಯ. ದಿನ ತುಂಬಿಯೂ ಸೊರಗಿ ಹುಟ್ಟುವ ಶಿಶುವಿನ ಸಮಸ್ಯೆ ವಿಶೇಷವಾಗಿ ಈ ಭಾಗದ್ದು.

ಅವಧಿಗೆ ಮುನ್ನ ಹುಟ್ಟಿದ ಶಿಶುವನ್ನು ಕಂಡೊಡನೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಅದು ಉಸಿರಾಟಕ್ಕೆ ಒದ್ದಾಡುತ್ತದೆ, ಹಾಲು ಚೀಪಲಾರದು, ಗಾಜಿನ ಪೆಟ್ಟಿಗೆಯನ್ನು ಸೇರುತ್ತದೆ. ದಿನ ತುಂಬಿದ ಸಣ್ಣ ಕೂಸು ಹಾಗಲ್ಲ. ಅದು ಅಳುತ್ತದೆ, ಕಣ್ಣು ಬಿಟ್ಟು ನೋಡುತ್ತದೆ, ಮೊಲೆಗೆ ಬಾಯಿ ಹಾಕುತ್ತದೆ. ಚರ್ಮ ಸುಕ್ಕುಗಟ್ಟಿ, ತೊಡೆ ಮತ್ತು ಪಿರ್ರೆಯ ಮಾಂಸ ಬತ್ತಿ, ಮುಖ ಮುದುಕರದರಂತೆ ಕಾಣುತ್ತಿದ್ದರೂ ಹಿರಿಯರು ನಕ್ಕು “ಅಜ್ಜನ ಹಾಂಗ ಅದ” ಎನ್ನುತ್ತಾರೆ. “ನಮ್ಮ ಮನ್ಯಾಗ ಎಲ್ಲಾ ಕೂಸೂ ಸಣ್ಣಾವೇ” ಎಂಬ ಸಮಾಧಾನವೂ ಸಿದ್ಧವಿರುತ್ತದೆ. ಎರಡು ಮೂರು ದಿನಗಳಲ್ಲಿ ತಾಯಿ ಮಗು ಮನೆಗೆ ಮರಳುತ್ತಾರೆ.

ಆ ಕೂಸಿನ ಒಳಗೆ ಏನು ನಡೆದಿರುತ್ತದೆ ಎಂಬುದು ಹೊರಗೆ ಕಾಣಿಸುವುದಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲಿ ಶಿಶು ಚರ್ಮದ ಕೆಳಗೆ ಕೊಬ್ಬನ್ನೂ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನನ್ನೂ ಕೂಡಿಸಿಕೊಳ್ಳುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಮೈ ಬಿಸಿಯಾಗಿರಲು, ಮೆದುಳು ಕೆಲಸ ಮಾಡಲು ಇದೇ ಆಧಾರ. ಸೊರಗಿದ ಕೂಸಿಗೆ ಎರಡೂ ಇರುವುದಿಲ್ಲ. ಆದ್ದರಿಂದ ಅದರ ಮೈ ಬೇಗ ತಣ್ಣಗಾಗುತ್ತದೆ, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಸೋಂಕನ್ನು ಎದುರಿಸುವ ಶಕ್ತಿಯೂ ಕಡಿಮೆಯಿರುತ್ತದೆ. ಸಕ್ಕರೆ ಇಳಿದ ಶಿಶು ಕಿರುಚಿ ಅಳುವುದಿಲ್ಲ, ಸುಮ್ಮನೆ ಮಂಪರಿಗೆ ಜಾರುತ್ತದೆ. “ಭಾಳ ಶಾಂತ ಕೂಸು, ರಾತ್ರಿಯೆಲ್ಲಾ ಮಲಗಿತ್ತು” ಎಂದು ಮನೆಯವರು ಸಂತೋಷಪಡುವ ಹೊತ್ತಿನಲ್ಲಿಯೇ ಅಪಾಯ ಹತ್ತಿರವಾಗಿರುತ್ತದೆ.

ಈಗ ಕಮಲಾಪುರ ಮತ್ತು ರೋಜಾದ ನಡುವಿನ ದಾರಿಯ ವಿಚಾರ. ಕಲಬುರಗಿ ನಗರದಲ್ಲಿ ಖಾಜಾ ಬಂದೇನವಾಜರ ದರ್ಗಾದ ಆಸುಪಾಸಿನ ರೋಜಾ ಬಡಾವಣೆ ಮಹಾನಗರ ಪಾಲಿಕೆಗೆ ಸೇರಿದ್ದು. ಗ್ರಾಮ ಪಂಚಾಯತಿಗಳಿಗೆ ಅದರಿಂದೇನು ಎಂದು ಯಾರಾದರೂ ಕೇಳಬಹುದು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಈ ಭಾಗದ ಎಲ್ಲ ಜಾತಿ ಮತಗಳ ರೂಢಿ. ರೋಜಾದ ಮಗಳು ಕಮಲಾಪುರ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದಿರುತ್ತಾಳೆ. ಅವಳ ತಾಯಿ ಕಾರ್ಡು ಇಲ್ಲಿಯ ಆಶಾ ಕಾರ್ಯಕರ್ತೆಯ ಕೈಯಲ್ಲಿ ಆರಂಭವಾಗುತ್ತದೆ. ಏಳನೆಯ ತಿಂಗಳಲ್ಲಿ ಕುಬುಸದ ಕಾರ್ಯ ಮುಗಿಸಿಕೊಂಡು ಆಕೆ ನಗರದ ತವರಿಗೆ ಹೋಗುತ್ತಾಳೆ. ಹೆರಿಗೆ ನಗರದ ಯಾವುದೋ ಸರ್ಕಾರಿ ಅಥವಾ ಖಾಸಗಿ ಆಸ್ಪತ್ರೆಯಲ್ಲಿ ಆಗುತ್ತದೆ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ ಮುಗಿಸಿ ಕೂಸಿನೊಂದಿಗೆ ಗಂಡನ ಊರಿಗೆ ಮರಳುತ್ತಾಳೆ. ಇದರ ತಿರುಗುಮುರುಗಾದ ದಾರಿಯೂ ಅಷ್ಟೇ ಸಾಮಾನ್ಯ: ಕಮಲಾಪುರದ ಮಗಳು, ರೋಜಾದ ಸೊಸೆ.

ಈ ಹೋಗಿಬರುವ ದಾರಿಯಲ್ಲಿ ಕೂಸಿನ ಎರಡು ಅಂಕಿಗಳು ಬೇರೆಯಾಗುತ್ತವೆ. ವಾರಗಳ ಲೆಕ್ಕ ಕಮಲಾಪುರದ ಉಪಕೇಂದ್ರದ ವಹಿಯಲ್ಲಿ ಉಳಿಯುತ್ತದೆ. ಗ್ರಾಂಗಳ ಲೆಕ್ಕ ನಗರದ ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಉಳಿಯುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡಬೇಕೆಂಬುದು ನಿಯಮ. ಆದರೆ ಹಳ್ಳಿಯ ಆಶಾಗೆ ಆಕೆ ಊರಲ್ಲಿಲ್ಲ. ನಗರದ ಆಶಾಗೆ ಆಕೆಯ ಹೆಸರೇ ಪಟ್ಟಿಯಲ್ಲಿಲ್ಲ. ಆರೂ ಭೇಟಿಗಳು ಯಾರ ತಪ್ಪೂ ಅಲ್ಲವೆಂಬಂತೆ ತಪ್ಪಿಹೋಗುತ್ತವೆ. ಸಣ್ಣ ಕೂಸಿನ ಪಾಲಿಗೆ ಅತ್ಯಂತ ಅಪಾಯಕಾರಿಯಾದ ದಿನಗಳೂ ಇವೇ.

ಪರಿಹಾರಕ್ಕೆ ಹೊಸ ಯೋಜನೆ ಬೇಕಿಲ್ಲ. ಕುಬುಸ ಮುಗಿಸಿ ಹೊರಡುವ ಗರ್ಭಿಣಿಯ ತವರಿನ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಆಶಾ ಕಾರ್ಯಕರ್ತೆ ಬರೆದುಕೊಂಡು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯ ಮೂಲಕ ಆ ಭಾಗದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಸಾಕು. ಬೇರೆ ಊರಿನಿಂದ ಬಾಣಂತನಕ್ಕೆ ಬಂದ ಮಗಳ ಹೆಸರನ್ನು ಇಲ್ಲಿಯ ಪಟ್ಟಿಗೆ ಸೇರಿಸುವುದೂ ಅಷ್ಟೇ ಮುಖ್ಯ. ಯಾರ ಮನೆಗೆ ಮಗಳು ಬಂದಿದ್ದಾಳೆ, ಯಾರ ಮನೆಯ ಸೊಸೆ ಹೊರಟಿದ್ದಾಳೆ ಎಂಬುದು ಆ ವಾರ್ಡಿನ ಸದಸ್ಯರಿಗೆ ತಿಳಿಯದೇ ಇರುವುದಿಲ್ಲ. ಈ ತಿಳಿವಳಿಕೆಯನ್ನು ಆಶಾ ಕಾರ್ಯಕರ್ತೆಗೆ ತಲುಪಿಸುವುದು ಒಂದು ಫೋನ್ ಕರೆಯ ಕೆಲಸ.

ವಾರಗಳ ಲೆಕ್ಕ ಸರಿಯಾಗಿರಬೇಕಾದರೆ ಗರ್ಭಿಣಿಯ ನೋಂದಣಿ ಮೊದಲ 12 ವಾರಗಳೊಳಗೆ ಆಗಬೇಕು. ಕೊನೆಯ ಮುಟ್ಟಿನ ದಿನಾಂಕ ಆಗ ನೆನಪಿನಲ್ಲಿರುತ್ತದೆ. ಆರನೆಯ ತಿಂಗಳಲ್ಲಿ ಕೇಳಿದರೆ ಉತ್ತರ ಊಹೆಯಾಗುತ್ತದೆ. ದಿನಾಂಕ ಹೇಳಲಾರದ ಹೆಣ್ಣುಮಗಳು ಹಬ್ಬಗಳ ಮೂಲಕ ಹೇಳಬಲ್ಲಳು: ಎಳ್ಳಮಾವಾಸ್ಯೆಗೆ ಎಷ್ಟು ದಿನ ಮುಂಚೆ, ಶರಣಬಸವೇಶ್ವರರ ಜಾತ್ರೆಯ ಹಿಂದೆಯೋ ಮುಂದೆಯೋ, ಉರುಸಿನ ವಾರವೋ ಅದರ ಮುಂದಿನದೋ. ಅನುಭವಿ ಆಶಾ ಕಾರ್ಯಕರ್ತೆಯರು ಈ ಕ್ರಮವನ್ನು ತಾವಾಗಿಯೇ ರೂಢಿಸಿಕೊಂಡಿರುತ್ತಾರೆ. ಉರುಸು ಚಾಂದ್ರಮಾನದ್ದಾದ್ದರಿಂದ ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ ಎಂಬುದನ್ನಷ್ಟೇ ಗಮನದಲ್ಲಿಡಬೇಕು. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ವಾರಗಳನ್ನು ಅತ್ಯಂತ ನಿಖರವಾಗಿ ತಿಳಿಸುತ್ತದೆ. ಅದು ಇರುವುದು ವಾರ ಮತ್ತು ಬೆಳವಣಿಗೆಯನ್ನು ಅರಿಯಲು, ಲಿಂಗವನ್ನು ಅರಿಯಲು ಅಲ್ಲ. ನವವಿವಾಹಿತೆಯರು ಲಜ್ಜೆಯಿಂದಲೋ ದೃಷ್ಟಿಯ ಭಯದಿಂದಲೋ ಮೂರು ತಿಂಗಳು ತುಂಬುವವರೆಗೆ ಬಾಯಿಬಿಡದ ವಾಡಿಕೆ ಇದೆ. ಅತ್ತೆಯರೊಂದಿಗೆ ಈ ಕುರಿತು ಮಾತನಾಡಲು ಮಹಿಳಾ ಸದಸ್ಯರಿಗಿಂತ ಸೂಕ್ತರು ಬೇರೆ ಯಾರೂ ಇಲ್ಲ.

ಗ್ರಾಂಗಳ ಲೆಕ್ಕದಲ್ಲಿಯೂ ಒಂದು ದೋಷ ನಡೆದುಬಂದಿದೆ. ದೇಶದ ಸಮೀಕ್ಷೆಗಳಲ್ಲಿ ದಾಖಲಾದ ಜನನ ತೂಕಗಳನ್ನು ನೋಡಿದರೆ 2,500, 3,000 ಎಂಬ ದುಂಡನೆಯ ಅಂಕಿಗಳ ಮೇಲೆ ರಾಶಿ ಬಿದ್ದಿರುತ್ತದೆ. 2,460 ಇದ್ದದ್ದನ್ನು 2,500 ಎಂದು ಬರೆದಾಗ 40 ಗ್ರಾಂ ಮಾತ್ರ ಹೆಚ್ಚಾಯಿತೆಂದು ತಿಳಿಯುವುದು ಸರಿಯಲ್ಲ. ಒಂದು ಕೂಸು ಪಟ್ಟಿಯಿಂದಲೇ ಹೊರಬಿತ್ತು. ಬಟ್ಟೆ ಸುತ್ತಿಯೇ ತೂಗುವುದು, ತಕ್ಕಡಿಯನ್ನು ಸೊನ್ನೆಗೆ ತಾರದೆ ತೂಗುವುದು ಇದೇ ಪರಿಣಾಮವನ್ನುಂಟುಮಾಡುತ್ತವೆ. ಅಂಗನವಾಡಿಯ ಮತ್ತು ಆಶಾ ಕಾರ್ಯಕರ್ತೆಯ ತಕ್ಕಡಿಗಳು ಸರಿಯಾಗಿವೆಯೇ ಎಂಬುದನ್ನು ಒಂದು ಕಿಲೋ ಬಟ್ಟಿನಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಕೆಟ್ಟ ತಕ್ಕಡಿಯ ದುರಸ್ತಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಕ್ತ ನಿಧಿ ಇರುವುದೇ ಇಂತಹ ಕೆಲಸಗಳಿಗೆ.

ಕೂಸು ಸೊರಗುವುದೇಕೆ? ಕಾರಣ ಒಂದಲ್ಲ. ತಾಯಿಯ ರಕ್ತದೊತ್ತಡ ಏರಿದರೆ ಮಾಸಿಗೆ ಹೋಗುವ ರಕ್ತ ಕುಗ್ಗುತ್ತದೆ. ಪ್ರತಿ ತಪಾಸಣೆಯಲ್ಲಿಯೂ ಒತ್ತಡ ನೋಡುವುದು ಅದಕ್ಕಾಗಿಯೇ. ಅವಳಿ ಗರ್ಭ, ಕೆಲವು ಸೋಂಕುಗಳು, ಒಂದು ಹೆರಿಗೆಯ ಬೆನ್ನಿಗೇ ಇನ್ನೊಂದು, ಇವೂ ಕಾರಣಗಳು. ಆದರೆ ಈ ಭಾಗದಲ್ಲಿ ದೊಡ್ಡ ಪಾಲು ತಾಯಿಯ ತಟ್ಟೆ, ತಾಯಿಯ ರಕ್ತ ಮತ್ತು ತಾಯಿಯ ದುಡಿಮೆಯದು.

“ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ” ಎಂಬ ನಂಬಿಕೆ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಬಹುಕಾಲದಿಂದ ಇದೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ, ಮನೆಯಲ್ಲಿಯೇ ಹೆತ್ತು ಸಾಯುತ್ತಿದ್ದ ಹೆಂಗಸರನ್ನು ಕಂಡ ಅಜ್ಜಿಯರಿಗೆ ಅದು ವಿವೇಕವೇ ಆಗಿ ತೋರಿರಬೇಕು. ಅದನ್ನು ಮೂಢತನವೆಂದು ಹಳಿಯುವುದರಿಂದ ಪ್ರಯೋಜನವಿಲ್ಲ. ಈಗ ಶಸ್ತ್ರಚಿಕಿತ್ಸೆಯ ವ್ಯವಸ್ಥೆ ಕಲಬುರಗಿಯಲ್ಲಿಯೇ ಇರುವಾಗ ಕೂಸನ್ನು ಹಸಿವಿನಲ್ಲಿಟ್ಟು ಚಿಕ್ಕದು ಮಾಡುವ ಅಗತ್ಯ ಉಳಿದಿಲ್ಲ. ಉಷ್ಣವೆಂದು ಮೊಟ್ಟೆಯನ್ನು ಬಿಡಿಸುವುದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಸೊಸೆ ಉಣ್ಣುವುದು, ಉಪವಾಸದ ವ್ರತಗಳನ್ನು ಗರ್ಭದಲ್ಲಿಯೂ ಮುಂದುವರಿಸುವುದು, ಇವೆಲ್ಲವೂ ಅದೇ ತಟ್ಟೆಯ ಕಥೆ. ರಮಜಾನಿನ ಉಪವಾಸವನ್ನು ಗರ್ಭಿಣಿಯರು ಮುಂದೂಡಲು ಇಸ್ಲಾಂ ಧರ್ಮದಲ್ಲಿಯೇ ಅವಕಾಶವಿದೆ. ಸೋಮವಾರ, ಶನಿವಾರಗಳ ಒಪ್ಪೊತ್ತಿನ ಬಗೆಗೂ ಮನೆಯ ಹಿರಿಯರು ಅಂಥದೇ ರಿಯಾಯಿತಿಯನ್ನು ತೋರಬಹುದು.

ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯಲ್ಲಿ ಗರ್ಭಿಣಿಯ ತಟ್ಟೆಯ ಬೇಳೆ ತೆಳುವಾಗಿರುವುದು ವಿಚಿತ್ರ, ಆದರೆ ನಿಜ. ತೊಗರಿ ಮಾರಾಟಕ್ಕೆ ಹೋಗುತ್ತದೆ. ಜೋಳದ ರೊಟ್ಟಿಯೊಂದಿಗೆ ಗಟ್ಟಿ ಬೇಳೆ, ಪುಂಡಿ ಪಲ್ಯೆ, ಶೇಂಗಾ ಹಿಂಡಿ, ಒಂದು ಮೊಟ್ಟೆ, ಒಂದು ಲೋಟ ಹಾಲು, ಕಮಲಾಪುರದ ಹೆಸರಾಂತ ಕೆಂಪು ಬಾಳೆಯ ಒಂದು ಹಣ್ಣು: ಇದಕ್ಕಿಂತ ಉತ್ತಮವಾದ ಗರ್ಭಿಣಿಯ ಆಹಾರವನ್ನು ಯಾವ ಪುಡಿಯ ಡಬ್ಬಿಯೂ ಕೊಡಲಾರದು.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಉದ್ದೇಶವೂ ಅದೇ. ಗರ್ಭಿಣಿ ಅಂಗನವಾಡಿಗೆ ಬಂದು ಬಿಸಿಯೂಟವನ್ನು ಅಲ್ಲಿಯೇ ಉಣ್ಣಬೇಕೆಂದು ಮಾಡಿದ್ದರ ಕಾರಣ ಸ್ಪಷ್ಟ: ಮನೆಗೆ ಒಯ್ದದ್ದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆದರೆ ಕೂಲಿಗೆ ಹೋದವಳು ಮಧ್ಯಾಹ್ನ ಅಂಗನವಾಡಿಗೆ ಬರಲಾರಳು. ತಾಂಡಾದವಳು ಏಳೆಂಟು ತಿಂಗಳ ಹೊಟ್ಟೆ ಹೊತ್ತು ಬಿಸಿಲಲ್ಲಿ ಊರಿನ ಕೇಂದ್ರಕ್ಕೆ ನಡೆಯಲಾರಳು. ಫಲಾನುಭವಿಗಳ ಸಂಖ್ಯೆ ಎಷ್ಟೆಂದು ಕೇಳಿ ತೃಪ್ತರಾಗುವ ಸಭೆ, ನಿನ್ನೆ ನಿಜವಾಗಿ ಕುಳಿತು ಉಂಡವರೆಷ್ಟು ಎಂದು ಕೇಳುವುದೇ ಇಲ್ಲ. ಬಾರದವರು ಏಕೆ ಬರುತ್ತಿಲ್ಲ ಎಂಬುದಕ್ಕೆ ಪ್ರತಿ ತಾಂಡಾದಲ್ಲಿಯೂ ಬೇರೆ ಉತ್ತರ ದೊರೆಯುತ್ತದೆ. ಅದನ್ನು ಕೇಳಿಕೊಂಡು ಬಂದು ಶಿಶು ಅಭಿವೃದ್ಧಿ ಇಲಾಖೆಯ ಮುಂದಿಡುವುದು ಸದಸ್ಯರಿಂದ ಮಾತ್ರ ಸಾಧ್ಯ.

ರಕ್ತದ ವಿಚಾರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿಳಿದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಕಬ್ಬಿಣಾಂಶದ 180 ಮಾತ್ರೆಗಳನ್ನು ಕೊಡಲಾಗುತ್ತದೆ; ಕೊಟ್ಟದ್ದಕ್ಕೂ ನುಂಗಿದ್ದಕ್ಕೂ ಅಂತರವಿದೆ. ಮಲ ಕಪ್ಪಾಗುವುದು, ವಾಕರಿಕೆ, ಮಲಬದ್ಧತೆಗಳಿಂದ ಹೆದರಿ ನಿಲ್ಲಿಸುವವರಿದ್ದಾರೆ. ಮಾತ್ರೆಯ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಎಂಬುದನ್ನು ಹೊತ್ತು ಹೊತ್ತಿಗೆ ಚಹಾ ಕುಡಿಯುವ ಈ ನಾಡಿನಲ್ಲಿ ಒತ್ತಿ ಹೇಳಬೇಕು. ನಿಂಬೆಹಣ್ಣು ಹಿಂಡಿದ ಊಟ ಅದಕ್ಕೆ ಸಹಾಯಕ. ತಂಬಾಕಿನ ಮಾತನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಎತ್ತಲು ಹಿಂಜರಿಯುವವರುಂಟು. ಎಲೆಯಡಿಕೆಯೊಂದಿಗೆ, ಹಲ್ಲುಜ್ಜುವ ಪುಡಿಯ ರೂಪದಲ್ಲಿ ತಂಬಾಕು ಬಳಸುವ ಗರ್ಭಿಣಿಯರ ಶಿಶುಗಳು ಸರಾಸರಿ 105 ಗ್ರಾಂ ಹಗುರವಾಗಿ ಹುಟ್ಟುತ್ತವೆ ಎಂದು ಮುಂಬಯಿಯಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹೊಗೆ ಬರದ ತಂಬಾಕಿನಿಂದ ಕೂಸಿಗೇನೂ ಆಗದೆಂಬ ನಂಬಿಕೆ ಸುಳ್ಳು.

ದುಡಿಮೆಯ ವಿಚಾರದಲ್ಲಿ ಪಂಚಾಯತಿಯ ಅಧಿಕಾರ ನೇರವಾದದ್ದು. ನೀರಿನ ಕೊಡವನ್ನು ಎಷ್ಟು ದೂರದಿಂದ ಹೊರಬೇಕೆಂಬುದು ಪಂಚಾಯತಿಯ ಕೊಳವೆ, ಮೋಟಾರು, ನಲ್ಲಿಗಳ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಮೋಟಾರು ಸುಟ್ಟು ವಾರಗಟ್ಟಲೆ ದುರಸ್ತಿಯಾಗದಿದ್ದರೆ ಆ ಭಾರವನ್ನು ಹೊರುವವರಲ್ಲಿ ಎಂಟು ತಿಂಗಳ ಗರ್ಭಿಣಿಯೂ ಇರುತ್ತಾಳೆ. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಗರ್ಭಿಣಿಗೆ ಮಣ್ಣು ಹೊರುವ ಬದಲು ಹಗುರ ಕೆಲಸ, ನೆರಳು, ಕುಡಿಯುವ ನೀರು ಕೊಡಿಸುವುದು ಮೇಟಿಯ ಮತ್ತು ಪಂಚಾಯತಿಯ ಕೈಯಲ್ಲಿದೆ. ತೊಗರಿ ಕೊಯ್ಲು, ಹತ್ತಿ ಬಿಡಿಸುವ ಹಂಗಾಮುಗಳಲ್ಲಿ ಖಾಸಗಿ ಹೊಲಗಳ ಮೇಲೆ ಪಂಚಾಯತಿಗೆ ಅಂಥ ಅಧಿಕಾರವಿಲ್ಲ. ಅಲ್ಲಿ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ 5,000 ರೂಪಾಯಿ ನೆರವಾಗಬೇಕು. ಕೂಲಿ ಬಿಟ್ಟು ವಿಶ್ರಾಂತಿ ಪಡೆಯಲೆಂದು ಕೊಡುವ ಈ ಹಣ, ದಾಖಲೆಯ ತೊಡಕಿನಿಂದ ಕೂಸು ನಡೆದಾಡುವ ಹೊತ್ತಿಗೆ ಕೈಸೇರಿದರೆ ಉದ್ದೇಶ ವ್ಯರ್ಥ.

ಬಾಲ್ಯವಿವಾಹದ ಮಾತನ್ನು ಬಿಟ್ಟು ಈ ವಿಷಯವನ್ನು ಮುಗಿಸಲಾಗದು. ತಾನೇ ಇನ್ನೂ ಬೆಳೆಯುತ್ತಿರುವ ಹದಿನಾರರ ಹುಡುಗಿ ಗರ್ಭಿಣಿಯಾದಾಗ ಆಕೆಯ ದೇಹವೂ ಗರ್ಭವೂ ಒಂದೇ ಅನ್ನಕ್ಕೆ ಕೈಚಾಚುತ್ತವೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಯ ಮದುವೆ 18 ತುಂಬುವ ಮೊದಲೇ ಆಗಿತ್ತು. ಮದುವೆಯ ಪತ್ರಿಕೆ ಮೊದಲು ತಲುಪುವ ಮನೆಗಳಲ್ಲಿ ಸದಸ್ಯರ ಮನೆಯೂ ಒಂದು. ಅಕ್ಷತೆಗೆ ಹೋಗುವ ಮುನ್ನ ಹುಡುಗಿಯ ವಯಸ್ಸನ್ನು ವಿಚಾರಿಸುವುದು, ಅಗತ್ಯವಾದರೆ 1098ಕ್ಕೆ ಕರೆ ಮಾಡುವುದು ರಾಜಕೀಯವಾಗಿ ಕಠಿಣವಾದ ಕೆಲಸ. ಕಠಿಣವೆಂದು ಒಪ್ಪಿಕೊಂಡೇ ಅದನ್ನು ಮಾಡಬೇಕಾಗಿದೆ.

ಸೊರಗಿ ಹುಟ್ಟಿದ ಕೂಸು ಮೊದಲ ವರ್ಷ ಉಳಿದುಕೊಂಡರೆ ಸಮಸ್ಯೆ ಮುಗಿಯಿತೇ ಎಂಬ ಪ್ರಶ್ನೆಗೆ ಉತ್ತರ ಕರ್ನಾಟಕದಲ್ಲಿಯೇ ದೊರೆತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಸ್ಥಾಪಿತವಾದದ್ದು. ಅಲ್ಲಿ 1934ರಿಂದಲೂ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ವಹಿಗಳಲ್ಲಿ ಬರೆದಿಡಲಾಗುತ್ತಿತ್ತು. ಬರೆದ ದಾದಿಯರಿಗೆ ಅದರ ಉಪಯೋಗವೇನೆಂದು ತಿಳಿದಿರಲಿಕ್ಕಿಲ್ಲ. ದಶಕಗಳು ಕಳೆದ ಮೇಲೆ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆ ಆಸ್ಪತ್ರೆಯ ಆಸುಪಾಸಿನಲ್ಲಿಯೇ ವಾಸವಾಗಿದ್ದ 517 ಸ್ತ್ರೀಪುರುಷರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಐದೂವರೆ ಪೌಂಡು, ಅಂದರೆ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. ಏಳು ಪೌಂಡು ಮೀರಿದವರಲ್ಲಿ ಅದು ಶೇ. 3 ಮಾತ್ರ. ಹಗುರವಾಗಿ ಹುಟ್ಟಿದ್ದಲ್ಲದೆ ತಾಯಿಯೂ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದವರಲ್ಲಿ ಅದು ಶೇ. 20ಕ್ಕೆ ಏರಿತ್ತು. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಇಂದಿಗೂ ಜಗತ್ತಿನೆಲ್ಲೆಡೆ ಉಲ್ಲೇಖಿಸುತ್ತಾರೆ. ಐವತ್ತರ ಹರೆಯದಲ್ಲಿ ಎದೆನೋವೆಂದು ನಗರದ ಆಸ್ಪತ್ರೆಗೆ ಓಡುವ ರೈತನ ಕಾಯಿಲೆಯ ಒಂದು ಬೇರು ಅವನ ತಾಯಿಯ ಬಸಿರಿನ ಕಾಲದ ಹಸಿವಿನಲ್ಲಿ ಇರಬಹುದೆಂಬುದನ್ನು ಅದು ತೋರಿಸಿತು. ಇದೆಲ್ಲ ಸಾಧ್ಯವಾದದ್ದು ಒಂದು ವಹಿಯನ್ನು ಪ್ರಾಮಾಣಿಕವಾಗಿ ಬರೆದಿಟ್ಟದ್ದರಿಂದ.

ಇನ್ನು ಕೂಸು ಹುಟ್ಟಿದ ಮೇಲಿನ ಆರೈಕೆ. 1,800 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುನ್ನ ಹುಟ್ಟಿದ ಶಿಶುವನ್ನು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ ದಾಖಲಿಸಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆಯ ಶಿಶುವಿಗೆ ಒಂದು ವರ್ಷದವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಸಾಗಾಟ ಎಲ್ಲವೂ ಉಚಿತ. ಅದಕ್ಕಿಂತ ತುಸು ಹೆಚ್ಚು ತೂಗುವ ಕೂಸುಗಳು ಮನೆಯಲ್ಲಿಯೇ ಬೆಳೆಯಬೇಕು.

ಅವುಗಳಿಗೆ ಅತ್ಯುತ್ತಮ ಆಸರೆ ತಾಯಿಯ ಎದೆ. ಕೂಸಿಗೆ ಲಂಗೋಟಿ, ಕುಲಾಯಿ, ಕಾಲುಚೀಲ ಮಾತ್ರ ತೊಡಿಸಿ, ತಾಯಿಯ ಬರಿಮೈಗೆ ಎದೆಯ ನಡುವೆ ನೇರವಾಗಿ ಒರಗಿಸಿ, ಮೇಲಿನಿಂದ ಬಟ್ಟೆ ಕಟ್ಟುವ ಕ್ರಮವಿದು. ಕಾಂಗರೂ ಆರೈಕೆಯೆಂಬ ಹೆಸರಿನ ಈ ಪದ್ಧತಿ 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಶಿಶುಗಳಿಗೆ ಸಾಕಷ್ಟು ಗಾಜಿನ ಪೆಟ್ಟಿಗೆಗಳಿಲ್ಲದ ಆಸ್ಪತ್ರೆಯೊಂದರಲ್ಲಿ ಆರಂಭವಾಯಿತು. ಬಡತನದಿಂದ ಹುಟ್ಟಿದ ಉಪಾಯವೇ ಶ್ರೇಷ್ಠ ಚಿಕಿತ್ಸೆಯೆಂದು ಆಮೇಲೆ ಸಿದ್ಧವಾಯಿತು. ಹರಿಯಾಣದ ಹಳ್ಳಿಗಳಲ್ಲಿ 1,500ರಿಂದ 2,250 ಗ್ರಾಂ ತೂಕದ 8,402 ಶಿಶುಗಳೊಂದಿಗೆ ನಡೆಸಿದ ಪ್ರಯೋಗದಲ್ಲಿ, ಮನೆಯಲ್ಲಿಯೇ ಈ ಆರೈಕೆ ಆರಂಭಿಸಿದ ಗುಂಪಿನಲ್ಲಿ ಮೊದಲ ತಿಂಗಳ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು, 2019ರಲ್ಲಿ ಪ್ರಕಟವಾದ ಫಲಿತಾಂಶವಿದು. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ 2,000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಆಸ್ಪತ್ರೆಯಿಂದ ಮನೆಯವರೆಗೆ ಈ ಆರೈಕೆಯನ್ನು ತಲುಪಿಸುವ ಕೆಲಸ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ ನಡೆದಿದೆ. ತಾಯಿ ದಣಿದಾಗ ತಂದೆ, ಅಜ್ಜಿ ಯಾರಾದರೂ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು. ಗಂಡಸರು ನಾಚುತ್ತಾರೆ, ನಾಚಿಕೆ ಎರಡು ದಿನದ್ದು.

ಮೊದಲ ಗಂಟೆಯಲ್ಲಿಯೇ ಎದೆಹಾಲು, ಅದರಲ್ಲಿಯೂ ಮೊದಲ ದಿನಗಳ ಹಳದಿ ಹಾಲು ಕೂಸಿಗೆ ಸಿಗಬೇಕು. ಜೇನು, ಬೆಲ್ಲದ ನೀರು, ಹರಳೆಣ್ಣೆ ಯಾವುದೂ ಬೇಡ. ಚೀಪುವ ಶಕ್ತಿ ಸಾಲದ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ, ಕುದಿಸಿ ಶುದ್ಧಮಾಡಿದ ಒಳಲೆಯಲ್ಲಿ ಕುಡಿಸಬಹುದು. ದಾದಿಯರು ಅದನ್ನು ತೋರಿಸಿಕೊಡುತ್ತಾರೆ. ಮಲಗಿದ್ದರೂ ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು. ಎಣ್ಣೆ ನೀರೆರೆದು, ಲೋಬಾನದ ಹೊಗೆ ಹಾಕಿ, ಹೊರಸಿನ ಕೆಳಗೆ ಕುಳ್ಳಿನ ಕೆಂಡವಿಡುವ ಬಾಣಂತನದ ಪ್ರೀತಿ ದೊಡ್ಡದು. ಸಣ್ಣ ಕೂಸಿಗೆ ಮಾತ್ರ ಆ ನೀರು ಮೈಯನ್ನು ತಣ್ಣಗಾಗಿಸುತ್ತದೆ, ಆ ಹೊಗೆ ಉಸಿರನ್ನು ಕಟ್ಟಿಸುತ್ತದೆ. ತೂಕ ಏರಿ ವೈದ್ಯರು ಹೇಳುವವರೆಗೆ ಮೈ ಒರೆಸಿದರೆ ಸಾಕು. ಬಿಸುಪು ಬೇಕಾದುದು ನಿಜ, ಅದು ಕೆಂಡದಿಂದ ಬರುವ ಬದಲು ಎದೆಯಿಂದ ಬರಲಿ.

ಎರಡು ವಾರಗಳೊಳಗೆ ಕೂಸು ಹುಟ್ಟಿದ ತೂಕಕ್ಕೆ ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂನಷ್ಟು ಏರಬೇಕು. ಹಾಲು ಬಿಟ್ಟರೆ, ಪಾದ ಮುಟ್ಟಿದಾಗ ತಣ್ಣಗಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಎದೆ ಒಳಸೇದುತ್ತಿದ್ದರೆ, ಸೆಳವು ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಹೊಕ್ಕುಳು ಕೀವಾದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ದಾರಿಯುದ್ದಕ್ಕೂ ಕೂಸು ತಾಯಿಯ ಎದೆಯ ಮೇಲೆಯೇ ಇರಬೇಕು. ಕಮಲಾಪುರದಿಂದ ಕಲಬುರಗಿಗೆ ಸಾಗುವಷ್ಟರಲ್ಲಿ, ಬರಿಯ ಕೌದಿಯಲ್ಲಿ ಸುತ್ತಿದ ಕೂಸಿನ ಮೈ ತಣ್ಣಗಾಗಲು ಬೇಕಾದಷ್ಟು ಸಮಯವಿದೆ.

ಪಂಚಾಯತಿಯ ಸಭೆಯಲ್ಲಿ ಇದನ್ನು ನಡೆಸುವ ಬಗೆಯ ಕುರಿತು ಕೆಲವು ಮಾತು. ಸಂಬಂಧಪಟ್ಟ ಸ್ಥಾಯಿ ಸಮಿತಿಯ ಮುಂದೆ ಪ್ರತಿ ತಿಂಗಳೂ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಂದ ಬರುವ ವರದಿಯಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆಯ ಜೊತೆಗೆ ವಾರ ಮತ್ತು ಗ್ರಾಂಗಳ ಎರಡು ಅಂಕಣಗಳಿರಲಿ, ಮೂರನೆಯ ಅಂಕಣದಲ್ಲಿ ಆರು ಭೇಟಿಗಳಲ್ಲಿ ನಡೆದವೆಷ್ಟು ಎಂಬುದಿರಲಿ. ಖಾಲಿ ಬಿಟ್ಟ ಅಂಕಣದ ಬಗ್ಗೆ ಕಾರ್ಯಕರ್ತೆಯನ್ನು ಗದರಿಸಿದರೆ ಮುಂದಿನ ತಿಂಗಳು ಅದು ಊಹೆಯ ಅಂಕಿಯಿಂದ ತುಂಬಿ ಬರುತ್ತದೆ. ಖಾಲಿಯೇಕೆ ಉಳಿಯಿತೆಂದು ಕೇಳಿದರೆ ನಿಜ ಹೊರಬರುತ್ತದೆ. ತಾಯಿ ಮಗುವಿನ ಹೆಸರನ್ನು ಗ್ರಾಮಸಭೆಯಲ್ಲಿ ಓದುವುದು ಬೇಡ. ಸಣ್ಣ ಕೂಸನ್ನು ಹೆತ್ತವಳೆಂಬ ಮಾತು ಅತ್ತೆಮನೆಯಲ್ಲಿ ಆಕೆಯ ಮೇಲೆಯೇ ಬೀಳುತ್ತದೆ, ತಟ್ಟೆ ಬಡಿಸಿದವರ ಮೇಲೆ ಬೀಳುವುದಿಲ್ಲ. ಪ್ರತಿ ತಿಂಗಳ 9ನೆಯ ತಾರೀಖು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆಗೆ ತಾಂಡಾಗಳಿಂದ ಗರ್ಭಿಣಿಯರು ತಲುಪುವ ವಾಹನದ ವ್ಯವಸ್ಥೆಯನ್ನೂ ಅದೇ ಸಭೆ ನಿರ್ಣಯಿಸಬಹುದು.

ಎಳ್ಳಮಾವಾಸ್ಯೆ ಕಳೆದು ತೊಗರಿ ರಾಶಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೊರಡುವ ಕುಟುಂಬಗಳಲ್ಲಿ ಗರ್ಭಿಣಿಯರೂ ಹಸುಗೂಸಿನ ತಾಯಂದಿರೂ ಇರುತ್ತಾರೆ. ಅವರ ಗಂಟಿನಲ್ಲಿ ತಾಯಿ ಕಾರ್ಡು ಇದೆಯೇ, ಅದರಲ್ಲಿ ಕೊನೆಯ ಮುಟ್ಟಿನ ದಿನಾಂಕ ಮತ್ತು ಕೂಸಿನ ಜನನ ತೂಕ ಬರೆದಿದೆಯೇ ಎಂಬುದನ್ನು ವಾಹನ ಹತ್ತುವ ಮುನ್ನ ನೋಡಬೇಕು. ಕಾರ್ಡಿನ ನಕಲು ಉಪಕೇಂದ್ರದಲ್ಲಿ ಉಳಿಯಬೇಕು, ಆಶಾ ಕಾರ್ಯಕರ್ತೆಯ ಸಂಖ್ಯೆ ಅವರ ಮೊಬೈಲಿನಲ್ಲಿ ಇರಬೇಕು. ಮುಂಗಾರಿಗೆ ಮರಳಿದ ವಾರದಲ್ಲಿಯೇ ಆ ಮಕ್ಕಳನ್ನು ಅಂಗನವಾಡಿಯ ತಕ್ಕಡಿಯ ಮೇಲೆ ಮತ್ತೆ ತೂಗಿ, ಹೊರಟಾಗಿನ ತೂಕದ ಪಕ್ಕದಲ್ಲಿ ಬರೆಯತಕ್ಕದ್ದು.